ರಿಮಿನಿಯ ಬಿಮೋಟಾ

ಇಟಲಿಯ ರಿಮಿನಿ ಪಟ್ಟಣದಲ್ಲಿ ಬಿಯಾಂಕಿ, ಮೋರಿ, ಟಾಂಬುರೀನಿ ಎಂಬ ಮೂವರು ಪಾಲುದಾರರು ಕಟ್ಟಡಗಳಿಗೆ ಶಾಖ ಹಾಗೂ ಹವಾನಿಯಂತ್ರಣದ ಸಲಕರಣೆಗಳನ್ನು ಜೋಡಿಸುತ್ತಿದ್ದರು. ಮೂವರ ಹೆಸರಿನ ಮೊದಲಕ್ಷರಗಳು ಕೂಡಿ 'ಬಿಮೋಟಾ' ಆಯಿತು. 1972ರಲ್ಲಿ ಮಸ್ಸಿಮೋ ಟಾಂಬುರೀನಿಯವರು ಮಿಸಾನೋ ಪಂದ್ಯಪಥದಲ್ಲಿ ತಮ್ಮ ಹೋಂಡಾ 750ರಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡರು. ಆ ಕಾಲದ ದೊಡ್ಡ ಜಪಾನಿ ಮೋಟಾರ್ ಸೈಕಲ್ಲುಗಳಲ್ಲಿ ಎಂಜಿನ್ನಿನ ಬಲಕ್ಕೆ ತಕ್ಕ ದೃಢತೆ ಚೌಕಟ್ಟಿಗಿರಲಿಲ್ಲ. ವೇಗದ ತಿರುವಿನಲ್ಲಿ ಅದು ನುಲಿದು, ಎರಡು ಚಕ್ರಗಳೂ ಒಂದೇ ರೇಖೆಯಲ್ಲಿ ನಿಲ್ಲುತ್ತಿರಲಿಲ್ಲ. ಟಾಂಬುರೀನಿಯವರು ಅದೇ ಎಂಜಿನ್ನಿಗೆ ತಾವೇ ಹೊಸ ಚೌಕಟ್ಟು ಕಟ್ಟಿದರು. ಕೊಳವೆಗಳೊಡನೆ ಬಾಳಿದವರಿಗೆ ಇದು ತೀರ ಹೊರಗಿನ ವಿದ್ಯೆಯೇನಲ್ಲ!

ಹೀಗೆ ಹುಟ್ಟಿದ್ದು ಎಚ್.ಬಿ.1. ಹೆಸರಿನ ಸೂತ್ರ ಸರಳ: ಮೊದಲಕ್ಷರ ಎಂಜಿನ್ ಕೊಟ್ಟವರದು, ಎರಡನೆಯದು ಬಿಮೋಟಾದ್ದು. ಸುಜುಕಿಯದು ಎಸ್.ಬಿ., ಕವಾಸಾಕಿಯದು ಕೆ.ಬಿ., 1985ರ ಡುಕಾಟಿ ಎಂಜಿನ್ನಿನದು ಡಿ.ಬಿ.1. 1990ರ 'ಟೇಸಿ'ಯಲ್ಲಂತೂ ಮುಂಚಕ್ರದ ಫೋರ್ಕನ್ನೇ ಕೈಬಿಟ್ಟು, ಚಕ್ರವನ್ನು ಅದರ ನಡುವಿನಿಂದಲೇ ತಿರುಗಿಸುವ ಏರ್ಪಾಡು ಮಾಡಿದರು.

ಪರರ ಎಂಜಿನ್ ಸಾಕೆನಿಸಿತೋ ಏನೋ, 1997ರಲ್ಲಿ ಸ್ವಂತ 500 ಸಿ.ಸಿ. ಎರಡು ಸ್ಟ್ರೋಕಿನ ಎಂಜಿನ್ನುಳ್ಳ 'ವಿ ಡುಯೆ' ಹೊರಬಂದಿತು. ಅದರ ಇಂಧನ ಚಿಮ್ಮಿಸುವ ವ್ಯವಸ್ಥೆ ನೆಟ್ಟಗಾಗಲಿಲ್ಲ; ಮಾರಿದ ವಾಹನಗಳು ಹಿಂದಿರುಗಿದವು, ಸಂಸ್ಥೆ ದಿವಾಳಿಯೆದ್ದಿತು. ಮುಂದೆ ಬೇರೆ ಒಡೆಯರ ಕೈಸೇರಿ ಪುನಃ ತಲೆಯೆತ್ತಿದ ಬಿಮೋಟಾಕ್ಕೆ 2019ರಲ್ಲಿ ಕವಾಸಾಕಿ ಪಾಲುದಾರನಾಯಿತು. 2020ರ 'ಟೇಸಿ ಎಚ್2' ಅವರ ಎಂಜಿನ್ನಿನದೇ.