ಚಳಿಗೆ ಏಳದ ಪಿಕಪ್, ತಪ್ಪಿಲ್ಲದ ಏರ್ ಫಿಲ್ಟರ್

ಹೂವಿನ ಮೂಟೆ ಹೇರಿಕೊಂಡು ಬೆಳಗಿನ ಜಾವ ಚಿಕ್ಕಬಳ್ಳಾಪುರದ ಮಂಡಿಗೆ ಹೊರಡಬೇಕಾದ ಪಿಕಪ್ ಜನವರಿಯ ಚಳಿಗೆ ಸ್ಟಾರ್ಟ್ ಆಗಲಿಲ್ಲವೆಂದರೆ ಎಷ್ಟೋ ಚಾಲಕರು ಮೊದಲು ಕೈ ಹಾಕುವುದು ಏರ್ ಫಿಲ್ಟರ್ ಡಬ್ಬಿಗೆ. ಕ್ಲಿಪ್ ಬಿಚ್ಚಿ, ಫಿಲ್ಟರ್ ಹೊರತೆಗೆದು, ಟೈರಿಗೆ ನಾಲ್ಕು ಸಲ ಬಡಿದು, ಮತ್ತೆ ಕೂರಿಸಿ ಸೆಲ್ಫ್ ಹೊಡೆಯುತ್ತಾರೆ. ಇಂಜಿನ್ ಎದ್ದುಬಿಡುತ್ತದೆ. ಅಲ್ಲಿಗೆ ತೀರ್ಮಾನವಾಯಿತು: ಫಿಲ್ಟರ್ ಕಟ್ಟಿತ್ತು. ಈ ತೀರ್ಮಾನ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹಬ್ಬುತ್ತದೆ, ಒಳ್ಳೆಯ ಫಿಲ್ಟರುಗಳು ಬಡಿತಕ್ಕೆ ಹಾಳಾಗುತ್ತವೆ, ನಿಜವಾದ ದೋಷ ಮಾತ್ರ ಅಲ್ಲೇ ಉಳಿಯುತ್ತದೆ. ಒಂದು ಗಾಡಿಯ ದುಡಿಮೆಯ ಮೇಲೆ ಇಡೀ ಮನೆ ನಡೆಯುವಾಗ ಇದು ಸಣ್ಣ ತಪ್ಪಲ್ಲ.

"ಫಿಲ್ಟರ್ ಕಟ್ಟಿದೆ, ಅದಕ್ಕೇ ಏಳುತ್ತಿಲ್ಲ"

ಸರಳ ಲೆಕ್ಕ ಹಾಕಿ ನೋಡೋಣ. ಎರಡೂವರೆ ಲೀಟರಿನ ಇಂಜಿನ್ ಎರಡು ಸುತ್ತಿಗೊಮ್ಮೆ ಎರಡೂವರೆ ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಸೆಲ್ಫ್ ಹೊಡೆಯುವಾಗ ಅದು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿದರೆ ಬೇಕಾಗುವ ಗಾಳಿ 250 ಲೀಟರ್. ಅದೇ ಇಂಜಿನ್ 3,000 ಸುತ್ತಿನಲ್ಲಿ ಲೋಡ್ ಎಳೆಯುವಾಗ, ಟರ್ಬೊ ತುಂಬುವ ಹೆಚ್ಚುವರಿ ಗಾಳಿಯೂ ಸೇರಿ, ನಿಮಿಷಕ್ಕೆ 7,000 ಲೀಟರಿನ ಆಸುಪಾಸು ಬೇಕು. ನಿನ್ನೆ ಸಂಜೆ ಮೂಟೆ ಹೊತ್ತು ಘಾಟಿ ಹತ್ತಿ ಬಂದ ಗಾಡಿಗೆ ಸಾಲುವಷ್ಟು ಗಾಳಿ ಬಿಟ್ಟ ಫಿಲ್ಟರ್, ಅದರಲ್ಲಿ ಇಪ್ಪತ್ತೈದನೇ ಒಂದು ಪಾಲನ್ನೂ ಇವತ್ತು ಬೆಳಿಗ್ಗೆ ಬಿಡುವುದಿಲ್ಲ ಎನ್ನುವುದಕ್ಕೆ ಅರ್ಥವಿಲ್ಲ. ಫಿಲ್ಟರ್ ಕಟ್ಟಿದರೆ ಅದರ ಗುರುತು ಕಾಣುವುದು ಏರಿನಲ್ಲಿ: ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಮೊದಲ ಸ್ಟಾರ್ಟಿನಲ್ಲಿ ಅಲ್ಲ.

ಹಾಗಾದರೆ ಫಿಲ್ಟರ್ ಬಡಿದ ಮೇಲೆ ಎದ್ದಿದ್ದು ಹೇಗೆ? ಡೀಸೆಲ್ ಇಂಜಿನ್ನಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು, ಹದಿನೇಳನೇ ಒಂದು ಪಾಲಿಗೆ ಒತ್ತಿದಾಗ ಅದು ಐನೂರು ಡಿಗ್ರಿ ದಾಟಿ ಕಾಯುತ್ತದೆ, ಆ ಬಿಸಿಗೆ ಸಿಂಪಡಿಸಿದ ಡೀಸೆಲ್ ತಾನೇ ಹತ್ತಿಕೊಳ್ಳುತ್ತದೆ. ಚಳಿಯಲ್ಲಿ ಎರಡು ಕಡೆ ಸೋರಿಕೆಯಾಗುತ್ತದೆ. ತಣ್ಣಗಿರುವ ಸಿಲಿಂಡರ್ ಗೋಡೆ ಬಿಸಿಯನ್ನು ಹೀರಿಕೊಳ್ಳುತ್ತದೆ. ಇಂಜಿನ್ ನಿಧಾನ ತಿರುಗಿದರೆ ಒತ್ತಿದ ಗಾಳಿ ರಿಂಗುಗಳ ಸಂದಿನಿಂದ ಜಾರಿಹೋಗಲು ಸಮಯ ಸಿಗುತ್ತದೆ. ಮೊದಲ ಮೂರು ಸೆಲ್ಫಿನಲ್ಲಿ ಹತ್ತಿಕೊಳ್ಳದಿದ್ದರೂ ಒತ್ತಡದ ಬಿಸಿ ಸಿಲಿಂಡರಿನಲ್ಲಿ ಸ್ವಲ್ಪ ಸ್ವಲ್ಪವೇ ಉಳಿಯುತ್ತ ಬಂದಿರುತ್ತದೆ, ಹೀಟರ್ ಪ್ಲಗ್ ಇನ್ನೊಂದು ಸುತ್ತು ಕಾದಿರುತ್ತದೆ. ನಾಲ್ಕನೆಯದಕ್ಕೆ ಏಳುವುದು ಅದರಿಂದ. ನಡುವೆ ಫಿಲ್ಟರ್ ಬಡಿದದ್ದು ಕಾಕತಾಳೀಯ.

ನಮ್ಮ ಮೈದಾನದ ಊರುಗಳಲ್ಲಿ ಚಳಿ ಅಂದರೆ ಹತ್ತು, ಹನ್ನೆರಡು ಡಿಗ್ರಿ. ಬೀದರ್, ವಿಜಯಪುರದ ಕಡೆ ಅದಕ್ಕಿಂತ ಕೆಳಗೆ ಇಳಿಯುವುದೂ ಉಂಟು. ಆರೋಗ್ಯವಾಗಿರುವ ಕಾಮನ್ ರೇಲ್ ಇಂಜಿನ್ನಿಗೆ ಇದು ಲೆಕ್ಕಕ್ಕೇ ಇಲ್ಲ. ಇಷ್ಟು ಚಳಿಗೆ ಗಾಡಿ ತಕರಾರು ಮಾಡಿದರೆ ಅದು ರೋಗದ ಗುರುತು. ಸೆಲ್ಫ್ ನಿಧಾನ ತಿರುಗುತ್ತಿದ್ದರೆ ಬ್ಯಾಟರಿ, ಅದರ ಟರ್ಮಿನಲ್, ಗಾಡಿಯ ಬಾಡಿಗೆ ಜೋಡಿಸಿದ ಅರ್ಥ್ ವೈರ್ ನೋಡಬೇಕು. ಲೆಡ್ ಆಸಿಡ್ ಬ್ಯಾಟರಿ ಸೊನ್ನೆ ಡಿಗ್ರಿಯಲ್ಲಿ ತನ್ನ ಶಕ್ತಿಯ ಮೂರನೇ ಒಂದು ಪಾಲನ್ನೂ, ಮೈನಸ್ 18ರಲ್ಲಿ ಅರ್ಧಕ್ಕಿಂತ ಹೆಚ್ಚನ್ನೂ ಕಳೆದುಕೊಳ್ಳುತ್ತದೆ. ಹಳೆಯ ಬ್ಯಾಟರಿಯ ಬಣ್ಣ ಬಯಲಾಗುವುದು ಚಳಿಯಲ್ಲೇ. ಸೆಲ್ಫ್ ಜೋರಾಗಿ ತಿರುಗಿಯೂ ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ: ರಾತ್ರಿಯಿಡೀ ಲೈನಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದು ಏರ್ ಹಿಡಿದಿದೆ. ಪ್ರೈಮರ್ ಪಂಪ್ ಒತ್ತಿದ ಮೇಲೆ ಎದ್ದರೆ ಚಳಿಯನ್ನು ಬೈಯಬೇಡಿ, ಪೈಪಿನ ಜಾಯಿಂಟ್ ಹುಡುಕಿ. ಬಿಳಿ ಹೊಗೆ ಬಂದೂ ಹತ್ತದಿದ್ದರೆ ಡೀಸೆಲ್ ಬರುತ್ತಿದೆ, ಬಿಸಿ ಸಾಲುತ್ತಿಲ್ಲ. ಹೀಟರ್ ಪ್ಲಗ್ಗೋ ಕಂಪ್ರೆಷನ್ನೋ ಕೈಕೊಟ್ಟಿದೆ.

ಹೀಟರ್ ಪ್ಲಗ್ಗಿನ ಬಗ್ಗೆಯೂ ಒಂದು ಮಾತು ಚಾಲ್ತಿಯಲ್ಲಿದೆ: ನಮ್ಮ ಊರಿನ ಹವೆಗೆ ಅದು ಬೇಡ, ಕೆಟ್ಟರೆ ಬಿಟ್ಟುಬಿಡಬಹುದು ಎಂದು. ನಾಲ್ಕರಲ್ಲಿ ಒಂದು ಸತ್ತರೂ ಗಾಡಿ ಏಳುತ್ತದೆ ನಿಜ. ಆದರೆ ಆ ಸಿಲಿಂಡರ್ ಮೊದಲ ಅರ್ಧ ನಿಮಿಷ ಡೀಸೆಲ್ ಕುಡಿದು ಸುಡದೆ ಬಿಡುತ್ತದೆ. ಸುಡದ ಡೀಸೆಲ್ ಗೋಡೆಯ ಆಯಿಲ್ ತೊಳೆದುಕೊಂಡು ಚೇಂಬರಿಗೆ ಇಳಿಯುತ್ತದೆ. ಡ್ಯಾಶಿನ ಲ್ಯಾಂಪ್ ಆರಿದ ತಕ್ಷಣ ಪ್ಲಗ್ಗಿನ ಕೆಲಸ ಮುಗಿಯಿತು ಎಂಬುದೂ ತಪ್ಪು. ಹೊಸ ಗಾಡಿಗಳಲ್ಲಿ ಇಂಜಿನ್ ಎದ್ದ ಮೇಲೂ ಹೊಗೆ ಕಡಿಮೆ ಮಾಡಲು ಅದು ಕಾಯುತ್ತಲೇ ಇರುತ್ತದೆ. ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯ ಲೋಹದ ಪ್ಲಗ್ ಒಂದು ಓಮಿನ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ತಂತಿ ತುಂಡಾಗಿದೆ. ಎರಡು ನಿಮಿಷದ ಪರೀಕ್ಷೆ.

"ಸ್ಪ್ರೇ ಹೊಡೆದರೆ ಸಾಕು"

ಅಮೆರಿಕದ ವಿಡಿಯೊಗಳನ್ನು ನೋಡಿ ಏರ್ ಫಿಲ್ಟರ್ ಪೈಪಿಗೆ ಈಥರ್ ಸ್ಪ್ರೇ ಹೊಡೆಯುವ ಅಭ್ಯಾಸ ಇಲ್ಲಿಗೂ ಬಂದಿದೆ. ಅದಕ್ಕೂ ಮುಂಚಿನ ನಮ್ಮದೇ ಪದ್ಧತಿ ಇನ್ನೊಂದಿದೆ: ಡೀಸೆಲಿನಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ಗಾಳಿ ಎಳೆಯುವ ಬಾಯಿಗೆ ತೋರಿಸುವುದು. ಎರಡೂ ಅಪಾಯ. ಈಥರ್ ನೂರ ಅರುವತ್ತು, ನೂರ ಎಂಬತ್ತು ಡಿಗ್ರಿಗೇ ಹತ್ತಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಅದು ಸಿಡಿದು ಪಿಸ್ಟನ್ನನ್ನು ತಲೆಯ ಮೇಲೆ ಗುದ್ದುತ್ತದೆ. ರಿಂಗ್ ಮುರಿಯುತ್ತದೆ, ರಿಂಗ್ ಕೂರುವ ತೋಡಿನ ಅಂಚು ಒಡೆಯುತ್ತದೆ, ಕೆಲವೊಮ್ಮೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹೀಟರ್ ಪ್ಲಗ್ ಇರುವ ಇಂಜಿನ್ನಿನಲ್ಲಂತೂ ಎಂಟುನೂರು ಡಿಗ್ರಿ ದಾಟಿ ಕೆಂಪಗೆ ಕಾದ ತುದಿ ಮೊದಲೇ ಕಾದು ಕೂತಿರುತ್ತದೆ. ಅಮೆರಿಕದ ರ‍್ಯಾಮ್ ಪಿಕಪ್ಪುಗಳ ಕಮಿನ್ಸ್ ಇಂಜಿನ್ನಿಗೆ ದಶಕಗಳ ಕಾಲ ಹೀಟರ್ ಪ್ಲಗ್ ಇರಲಿಲ್ಲ. ಗಾಳಿ ಹೋಗುವ ದಾರಿಯಲ್ಲೇ ಗ್ರಿಡ್ ಹೀಟರ್ ಇಟ್ಟು ಗಾಳಿಯನ್ನೇ ಕಾಯಿಸುತ್ತಿದ್ದರು. ಅದರ ಮುಂದೆ ಈಥರ್ ಹೊಡೆದರೆ ಸಿಲಿಂಡರ್ ಮುಟ್ಟುವ ಮೊದಲೇ ಪೈಪಿನಲ್ಲೇ ಬೆಂಕಿ. ಕೆಲವು ಹಳೆಯ ಟ್ರ್ಯಾಕ್ಟರು, ಭಾರಿ ಯಂತ್ರಗಳಲ್ಲಿ ಅಳತೆ ಮಾಡಿ ಈಥರ್ ಬಿಡುವ ವ್ಯವಸ್ಥೆಯನ್ನು ಕಂಪನಿಯೇ ಕೊಟ್ಟಿತ್ತು. ಅದು ಬೇರೆ ಮಾತು. ಕೈಯಲ್ಲಿ ಡಬ್ಬಿ ಹಿಡಿದು ಅಂದಾಜಿಗೆ ಹೊಡೆಯುವುದಕ್ಕೆ ಅದು ಸಮರ್ಥನೆಯಲ್ಲ.

"ಒಮ್ಮೆ ಸ್ಪ್ರೇ ರೂಢಿಯಾದರೆ ಇಂಜಿನ್ನಿಗೆ ಅದರ ಚಟ ಹತ್ತುತ್ತದೆ" ಎಂದು ಮೆಕ್ಯಾನಿಕ್‌ಗಳು ಹೇಳುವುದರಲ್ಲಿ ಕಂಡ ಸಂಗತಿ ಇದೆ, ಕಾರಣ ಮಾತ್ರ ಬೇರೆ. ಕಂಪ್ರೆಷನ್ ಕಡಿಮೆಯಾದ ಇಂಜಿನ್ನಿಗೇ ಜನ ಸ್ಪ್ರೇ ಹೊಡೆಯುತ್ತಾರೆ; ಸ್ಪ್ರೇಯ ಗುದ್ದಿಗೆ ರಿಂಗುಗಳು ಇನ್ನಷ್ಟು ಹಾಳಾಗಿ ಕಂಪ್ರೆಷನ್ ಮತ್ತಷ್ಟು ಇಳಿಯುತ್ತದೆ.

ನಿಜವಾದ ಚಳಿಯ ಊರುಗಳಲ್ಲಿ ಬೆಳಗಿನ ಸ್ಟಾರ್ಟಿಗೆ ಕಂಡುಕೊಂಡ ಉಪಾಯ ಬಹಳ ಸಮಾಧಾನದ್ದು. ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ, ಕೆನಡಾದ ವಿನ್ನಿಪೆಗ್‌ನಲ್ಲಿ ಪಾರ್ಕಿಂಗ್ ಜಾಗದಲ್ಲೇ ಕರೆಂಟಿನ ಸಾಕೆಟ್ ಇರುತ್ತದೆ. ಇಂಜಿನ್ ಬ್ಲಾಕಿನ ಕೂಲಂಟಿನಲ್ಲಿ ಮುಳುಗಿರುವ ಹೀಟರಿಗೆ ವೈರ್ ಚುಚ್ಚಿಟ್ಟರೆ, ಹೊರಡುವ ಎರಡು ಮೂರು ಗಂಟೆ ಮುಂಚೆ ಟೈಮರ್ ಹೊತ್ತಿಕೊಂಡು ಇಂಜಿನ್ನನ್ನು ಬೆಚ್ಚಗೆ ಮಾಡಿಟ್ಟಿರುತ್ತದೆ. ರಾತ್ರಿಯಿಡೀ ಉರಿಸುವ ಅಗತ್ಯವೂ ಇಲ್ಲ.

"ಕಾಲು ಗಂಟೆ ಆನ್‌ನಲ್ಲಿಟ್ಟು ಬಿಸಿ ಮಾಡಬೇಕು"

ಸ್ಟಾರ್ಟ್ ಮಾಡಿ ಟೀ ಕುಡಿಯಲು ಹೋಗುವವರು ಇಂಜಿನ್ನಿಗೆ ಉಪಕಾರ ಮಾಡುತ್ತಿದ್ದೇವೆಂದೇ ನಂಬಿದ್ದಾರೆ. ಖಾಲಿ ಓಡುವ ಡೀಸೆಲ್ ಇಂಜಿನ್ ತೀರಾ ಕಡಿಮೆ ಡೀಸೆಲ್ ಸುಡುತ್ತದೆ, ಎಳೆದುಕೊಳ್ಳುವ ತಣ್ಣನೆಯ ಗಾಳಿಯೇ ಜಾಸ್ತಿ. ಹಾಗಾಗಿ ಅದು ಕಾಯುವುದೇ ಬಹಳ ನಿಧಾನ. ಆ ಹೊತ್ತಿನಲ್ಲಿ ಮಸಿ ಹೆಚ್ಚುತ್ತದೆ, ಆಯಿಲಿಗೆ ಡೀಸೆಲ್ ಬೆರೆಯುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಆ ಮಸಿ, ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ತುಂಬಿಕೊಳ್ಳುತ್ತದೆ. ಆಯಿಲ್ ಪ್ರೆಷರ್ ಬಂದು ಟರ್ಬೊಗೆ ಆಯಿಲ್ ಮುಟ್ಟಲು ಅರ್ಧ ನಿಮಿಷ, ಒಂದು ನಿಮಿಷ ಸಾಕು. ಆಮೇಲೆ ಮೊದಲ ಐದಾರು ಕಿಲೋಮೀಟರ್ ರೇಸ್ ಹೆಚ್ಚು ಕೊಡದೆ ಮೆಲ್ಲಗೆ ಓಡಿಸಿದರೆ ಇಂಜಿನ್ ಬೇಗ ಬೆಚ್ಚಗಾಗುತ್ತದೆ.

"ಚಳಿಗೆ ಡೀಸೆಲಿಗೆ ಸೀಮೆಎಣ್ಣೆ ಬೆರೆಸಬೇಕು"

ಈ ನಂಬಿಕೆಗೆ ಬುಡವಿದೆ, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು. ಡೀಸೆಲಿನಲ್ಲಿ ಮೇಣದ ಅಂಶ ಇರುತ್ತದೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುವ ಹಾಗೆ ಅದೂ ಕಣಕಣವಾಗಿ ಗಟ್ಟಿಯಾಗಿ ಡೀಸೆಲ್ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಟ್ಟುವುದು ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಅಲ್ಲ. ನಮ್ಮ ದೇಶದ ಡೀಸೆಲ್ ಮಾನಕ ಐಎಸ್ 1460ರ ಪ್ರಕಾರ ಡೀಸೆಲ್ ಫಿಲ್ಟರ್ ದಾಟಲು ತೊಡಕಾಗುವ ತಾಪಮಾನ ಚಳಿಗಾಲದ ದರ್ಜೆಗೆ 6 ಡಿಗ್ರಿ, ಬೇಸಿಗೆಯದಕ್ಕೆ 18 ಡಿಗ್ರಿ ಮೀರಬಾರದು. ಇವು ಗರಿಷ್ಠ ಮಿತಿಗಳು. ಪಂಪಿಗೆ ಬರುವ ಡೀಸೆಲ್ ಇದಕ್ಕಿಂತ ಚೆನ್ನಾಗಿಯೇ ಇರಬಹುದು. ಆದರೂ ಮೈನಸ್ ಇಪ್ಪತ್ತಕ್ಕೆಂದು ಮಾಡಿದ ಡೀಸೆಲ್ ಅದಲ್ಲ.

ಲಡಾಖ್, ಸ್ಪಿತಿಯ ಕಡೆ ಚಾಲಕರು ಸೀಮೆಎಣ್ಣೆ ಬೆರೆಸುತ್ತಿದ್ದದ್ದು, ಟ್ಯಾಂಕಿನಡಿ ಬೆಂಕಿ ಹಾಕುತ್ತಿದ್ದದ್ದು ಈ ಸಂಕಟಕ್ಕೇ. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಪಾಣಿಪತ್ ರಿಫೈನರಿಯಿಂದ ಮೈನಸ್ 33 ಡಿಗ್ರಿಯವರೆಗೂ ಹರಿಯುವ ವಿಂಟರ್ ಗ್ರೇಡ್ ಡೀಸೆಲನ್ನು ಆ ಭಾಗಕ್ಕೆ ಕೊಟ್ಟ ಮೇಲೆ ಆ ಅಪಾಯಕ್ಕೆ ಇಳಿಯುವ ಕಾರಣವೇ ಉಳಿದಿಲ್ಲ. ಬೆಂಗಳೂರಿನಿಂದ ವಿ-ಕ್ರಾಸ್, ಹೈಲಕ್ಸ್ ಹತ್ತಿ ಚಳಿಗಾಲದ ಸ್ಪಿತಿಗೆ ಹೊರಡುವವರು ನೆನಪಿಡಬೇಕಾದ್ದು ಒಂದೇ: ಬಯಲಿನ ಡೀಸೆಲ್ ತುಂಬಿದ ಟ್ಯಾಂಕ್ ಇಟ್ಟುಕೊಂಡು ಮೇಲೆ ರಾತ್ರಿ ಕಳೆಯಬೇಡಿ. ಬಯಲಿನ ಡೀಸೆಲ್ ಆದಷ್ಟು ಖರ್ಚಾಗುವ ಹಾಗೆ ಲೆಕ್ಕ ಹಾಕಿಕೊಂಡು ಹತ್ತಿ, ಅಲ್ಲಿಯ ಪಂಪಿನಲ್ಲಿ ಚಳಿಯ ಡೀಸೆಲ್ ಕೇಳಿ ತುಂಬಿಸಿ, ಅದು ಫಿಲ್ಟರಿನವರೆಗೂ ತಲುಪುವಷ್ಟು ಓಡಿಸಿ ನಿಲ್ಲಿಸಿ.

ಕರ್ನಾಟಕದ ಚಳಿಗೆ ಸೀಮೆಎಣ್ಣೆ ಯಾವ ಕಾರಣಕ್ಕೂ ಬೇಡ. ಕಾಮನ್ ರೇಲ್ ಪಂಪು 1,600 ಬಾರ್, ಅದಕ್ಕೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಅದರ ಜಾರುವಿಕೆಗೆ ಡೀಸೆಲೇ ಆಧಾರ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ, ಗಂಧಕ ಬಿಎಸ್6 ಡೀಸೆಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಪಡಿತರದ ಸೀಮೆಎಣ್ಣೆಯನ್ನು ಗಾಡಿಗೆ ಹಾಕುವುದು ಅಪರಾಧವೂ ಹೌದು. ಇನ್ನು ಸ್ಪಿತಿಯಂಥ ಕಡೆ, ಹೊಗೆ ಶುದ್ಧ ಮಾಡಲು ತುಂಬಿಸುವ ಡಿಇಎಫ್ ದ್ರವ ಮೈನಸ್ 11ಕ್ಕೆ ಗಟ್ಟಿಯಾಗುವುದು ಅದರ ಗುಣ. ಅದಕ್ಕೆ ಬಿಸಿನೀರು ಬೆರೆಸಬೇಡಿ, ಗಾಡಿ ಓಡುತ್ತಿದ್ದಂತೆ ಅದು ಕರಗಿಕೊಳ್ಳುತ್ತದೆ.

"ಹವಾ ಹೊಡೆಸಿ ಹಾಕಣ್ಣ, ಇನ್ನೂ ಹತ್ತು ಸಾವಿರ ಓಡುತ್ತೆ"

ನಮ್ಮ ಚಳಿಯಿಂದ ಹಾಳಾಗುವ ಇಂಜಿನ್ ವಿರಳ. ಧೂಳಿನಿಂದ ಹಾಳಾಗುವುದು ದಿನನಿತ್ಯದ ಕಥೆ. ಒಂದು ಲೀಟರ್ ಡೀಸೆಲ್ ಪೂರ್ತಿ ಸುಡಲು ಕಡಿಮೆಯೆಂದರೂ ಹತ್ತು ಸಾವಿರ ಲೀಟರ್ ಗಾಳಿ ಬೇಕು. ಸಂಡೂರಿನ ಅದಿರಿನ ರಸ್ತೆಯಲ್ಲಿ, ತೊಗರಿ ರಾಶಿಯ ಕಾಲದ ಕಲಬುರಗಿಯ ಹೊಲದ ದಾರಿಯಲ್ಲಿ ಆ ಗಾಳಿಯ ಜೊತೆ ಏನೇನು ಬರುತ್ತದೆ ಎಂಬುದು ಓಡಿಸುವವರಿಗೆ ಗೊತ್ತು. ಇಂಜಿನ್ ತಿನ್ನುವುದು ಕಣ್ಣಿಗೆ ಕಾಣುವ ಕಸಕಡ್ಡಿಯಲ್ಲ. ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸಿನ ನಯವಾದ ಮರಳು. ಅದು ಆಯಿಲಿನ ಪದರಕ್ಕೆ ಸೇರಿ ರಿಂಗು, ಬೋರುಗಳನ್ನು ಉಜ್ಜುತ್ತದೆ. ಕಂಪ್ರೆಷನ್ ಇಳಿಯುತ್ತದೆ. ಕೆಲವು ವರ್ಷ ಕಳೆದು ಆ ಗಾಡಿ ಚಳಿಗೆ ಏಳುವುದಿಲ್ಲ. ಏರ್ ಫಿಲ್ಟರಿಗೂ ಬೆಳಗಿನ ಸ್ಟಾರ್ಟಿಗೂ ಇರುವ ನಿಜವಾದ ನಂಟು ಇದು.

ಕಪ್ಪಾದ ಫಿಲ್ಟರ್ ಕೆಟ್ಟ ಫಿಲ್ಟರ್ ಎಂಬುದೇ ಮೊದಲ ತಪ್ಪು. ಕಾಗದದ ಮೇಲೆ ಕೂತ ಧೂಳಿನ ಪದರವೂ ಧೂಳು ಹಿಡಿಯುತ್ತದೆ. ಸ್ವಲ್ಪ ಓಡಿದ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಬದಲಾಯಿಸುವ ಸಮಯ ತಿಳಿಯಬೇಕಾದ್ದು ಬಣ್ಣದಿಂದಲ್ಲ, ಗಾಳಿಗೆ ಒಡ್ಡುವ ತಡೆಯಿಂದ. ಅಮೆರಿಕದ ಪಿಕಪ್ಪುಗಳಲ್ಲಿ, ನಮ್ಮಲ್ಲಿಯ ಲಾರಿ, ಟ್ರ್ಯಾಕ್ಟರುಗಳಲ್ಲಿ ಅದನ್ನು ತೋರಿಸುವ ಇಂಡಿಕೇಟರ್ ಇರುತ್ತದೆ. ಅದಿಲ್ಲದ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರೇ ಗತಿ. ಧೂಳಿನ ದಾರಿಯಾದರೆ ಅದರ ಅರ್ಧ.

ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ಏಳೆಂಟು ಬಾರ್ ಒತ್ತಡ ಇರುತ್ತದೆ. ನಾಜಲ್ಲನ್ನು ಮಡಿಕೆಗೆ ಒತ್ತಿ ಹಿಡಿದು ಹವಾ ಹೊಡೆದರೆ ಧೂಳಿನ ಜೊತೆ ಕಾಗದದ ನೂಲೂ ಹರಿಯುತ್ತದೆ. ಹೊರಗಿನಿಂದ ಹೊಡೆದರೆ ಧೂಳು ಒಳಬದಿಗೇ ನುಗ್ಗುತ್ತದೆ. ಹೊಡೆಯಲೇಬೇಕಾದರೆ ಎರಡು ಬಾರಿನೊಳಗೆ, ಒಳಗಿನಿಂದ ಹೊರಕ್ಕೆ, ಗೇಣು ದೂರದಿಂದ. ಆಮೇಲೆ ಕತ್ತಲಲ್ಲಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಫಿಲ್ಟರ್ ಮುಗಿಯಿತು. ಒಳಗಿನ ಸಣ್ಣ ಸೇಫ್ಟಿ ಫಿಲ್ಟರ್ ಇರುವ ಗಾಡಿಯಲ್ಲಿ ಅದಕ್ಕೆ ಹವಾ ಹೊಡೆಯುವಂತೆಯೇ ಇಲ್ಲ, ಬದಲಾಯಿಸುವುದು ಮಾತ್ರ.

ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಹಾಕಿದರೆ ಮೈಲೇಜು, ಪಿಕಪ್ ಎರಡೂ ಏರುತ್ತವೆ ಎಂದು ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಟರ್ಬೊ ಇಂಜಿನ್ನಿಗೆ ಕಂಪನಿಯ ಕಾಗದದ ಫಿಲ್ಟರ್ ಸರಿಯಾಗಿದ್ದಾಗ ಗಾಳಿಯ ಕೊರತೆಯೇ ಇರುವುದಿಲ್ಲ. ಇಲ್ಲದ ತಡೆಯನ್ನು ತೆಗೆದು ಶಕ್ತಿ ಹುಟ್ಟಿಸಲಾಗದು. ಫಿಲ್ಟರುಗಳನ್ನು ಅಳೆಯಲು ಐಎಸ್ಒ 5011 ಎಂಬ ಪರೀಕ್ಷೆ ಇದೆ: ತೂಗಿದ ಧೂಳನ್ನು ಊದಿ, ದಾಟಿ ಹೋದದ್ದೆಷ್ಟು ಎಂದು ನೋಡುತ್ತಾರೆ. ಅಂಕಿಯಲ್ಲಿ 99 ಶೇಕಡಾ, 97 ಶೇಕಡಾ ಎಂದರೆ ಹತ್ತಿರ ಹತ್ತಿರ ಎನಿಸುತ್ತದೆ. ಇಂಜಿನ್ನಿನ ಕಡೆಯಿಂದ ನೋಡಿದರೆ ನೂರು ಗ್ರಾಂ ಧೂಳಿಗೆ ಒಂದು ಗ್ರಾಂ ಒಳಹೋಗುವ ಕಡೆ ಮೂರು ಗ್ರಾಂ ಹೋಯಿತು. ಎಣ್ಣೆ ಹೆಚ್ಚು ಸವರಿದರೆ ಅದರ ಹನಿ ಏರ್ ಫ್ಲೋ ಸೆನ್ಸರಿನ ಮೇಲೆ ಕೂತು ರೀಡಿಂಗ್ ಕೆಡಿಸುತ್ತದೆ. ಧೂಳಿನ ದಾರಿಯ ದುಡಿಯುವ ಗಾಡಿಗೆ ನನ್ನ ಮತ ನಿಸ್ಸಂದೇಹವಾಗಿ ಕಾಗದಕ್ಕೆ.

ಎಷ್ಟು ಒಳ್ಳೆಯ ಫಿಲ್ಟರ್ ತಂದರೂ ಕೂರಿಸುವುದರಲ್ಲಿ ಎಡವಿದರೆ ಪ್ರಯೋಜನವಿಲ್ಲ. ರಬ್ಬರ್ ಅಂಚು ಮಡಚಿಕೊಂಡಿದೆಯೇ, ಡಬ್ಬಿಯ ಎಲ್ಲ ಕ್ಲಿಪ್ ಕೂತಿವೆಯೇ, ಟರ್ಬೊಗೆ ಹೋಗುವ ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಇಂಜಿನ್ ಆಫ್ ಮಾಡಿ, ಫಿಲ್ಟರ್ ದಾಟಿದ ಮೇಲಿನ ಆ ಪೈಪಿನ ಕ್ಲಾಂಪ್ ಸಡಿಲಿಸಿ, ಒಳಗೋಡೆಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಸವರಿ. ಪೈಪಿಗೆ ಅಂಟಿದ ಆಯಿಲಿನ ಜಿಡ್ಡು ಸ್ವಲ್ಪ ಬಂದರೆ ಭಯವಿಲ್ಲ. ಮಣ್ಣಿನ ಬಣ್ಣದ ನಯವಾದ ಧೂಳು ಬಂತೆಂದರೆ ಎಲ್ಲೋ ಸೋರಿಕೆ ಇದೆ. ಅದು ಸಿಗುವವರೆಗೆ ಗಾಡಿಯನ್ನು ಲೋಡಿಗೆ ಕಳಿಸಬೇಡಿ.