ಮನೋರೋಗಿಯ ಯೋಗಕ್ಷೇಮ

ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ಅಲ್ಲಿಯ ಪ್ರಸಿದ್ಧ ದರ್ಗಾದ ಮಹಿಮೆಯನ್ನು ನಂಬಿ ದೂರದೂರದಿಂದ ಬಂದ ಕುಟುಂಬಗಳು ತಮ್ಮ ಮನೋರೋಗಿಗಳನ್ನು ಬಿಟ್ಟುಹೋಗುತ್ತಿದ್ದ ಖಾಸಗಿ ವಸತಿಗೃಹಗಳಲ್ಲೊಂದಕ್ಕೆ 2001ನೆಯ ಇಸವಿಯ ಆಗಸ್ಟ್ 6ರಂದು ನಸುಕಿನಲ್ಲಿ ಬೆಂಕಿ ಹತ್ತಿ, 28 ಮಂದಿ ಅಸುನೀಗಿದರು. ಸರಪಳಿ ಬಿಗಿದಿದ್ದುದರಿಂದ ಅವರು ಎದ್ದು ಓಡಲಾರದೆ ಹೋದರು. ಎಲ್ಲಿಯಾದರೂ ಹೊರಟುಹೋಗಿ ಅಪಾಯಕ್ಕೆ ಈಡಾದಾರು, ಯಾರಿಗಾದರೂ ಕೇಡು ಮಾಡಿಯಾರು ಎಂದು ರಕ್ಷಣೆಯ ಹೆಸರಿನಲ್ಲಿಯೇ ತೊಡಿಸಿದ್ದ ಸಂಕೋಲೆ ಅದು. ಸರ್ವೋಚ್ಚ ನ್ಯಾಯಾಲಯ ಆ ದುರಂತವನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಮನೋರೋಗಿಯ ಸುರಕ್ಷತೆಯನ್ನು ಕುರಿತು ಮಾತನಾಡುವವರಾರೂ ಏರ್ವಾಡಿಯನ್ನು ಮರೆಯಲಾಗದು.

ಸಾಮಾನ್ಯ ಆಸ್ಪತ್ರೆಯಲ್ಲಿ ಸುರಕ್ಷತೆಯೆಂದರೆ ಔಷಧ ಅದಲುಬದಲಾಗದಂತೆ, ಸೋಂಕು ಹರಡದಂತೆ, ರೋಗಿ ಮಂಚದಿಂದ ಬೀಳದಂತೆ ವಹಿಸುವ ಎಚ್ಚರ. ಮನೋರೋಗದ ವಾರ್ಡಿನಲ್ಲಿ ಇವಿಷ್ಟೂ ಬೇಕು. ಅಲ್ಲದೆ ತನ್ನ ಪ್ರಾಣಕ್ಕೆ ತಾನೇ ಎರವಾಗಬಲ್ಲ ವ್ಯಾಕುಲಚಿತ್ತನನ್ನೂ, ಭ್ರಮೆಯ ಭೀತಿಯಲ್ಲಿ ಕೈಯೆತ್ತುವವನನ್ನೂ ಕಾಪಾಡಬೇಕಾದ ದುಸ್ತರ ಹೊಣೆಯೂ ಅಲ್ಲಿಯವರ ಮೇಲಿದೆ. ಈ ಹೊಣೆಗೆ ಹೆದರಿದ ಸಿಬ್ಬಂದಿ ಬೀಗಕ್ಕೂ ಹಗ್ಗಕ್ಕೂ ಮೊರೆಹೋಗುತ್ತಾರೆ. ಆದರೆ ಕಟ್ಟಿಹಾಕುವುದೇ ಒಂದು ಅಪಾಯವೆಂಬುದನ್ನು ವೈದ್ಯಶಾಸ್ತ್ರ ಬಲ್ಲದು: ಬೋರಲಾಗಿ ಅದುಮಿ ಹಿಡಿದಾಗ ಉಸಿರು ಕಟ್ಟುವುದುಂಟು, ಬಹುಕಾಲ ಅಲುಗದೆ ಮಲಗಿದವನ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದುಂಟು; ಇವೆಲ್ಲಕ್ಕೂ ಮಿಗಿಲಾಗಿ, ಹಾಗೆ ಅವಮಾನಿತನಾದವನು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಒಲ್ಲನು.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಈ ವಿಷಯದಲ್ಲಿ ನಿಸ್ಸಂದಿಗ್ಧವಾಗಿ ನುಡಿದಿದೆ. ಯಾವ ರೀತಿಯಲ್ಲಿಯೂ ಸರಪಳಿ ತೊಡಿಸಕೂಡದು. ಏಕಾಂತ ಕೋಣೆಯಲ್ಲಿ ಕೂಡಿಹಾಕಕೂಡದು. ಜನರು 'ಕರೆಂಟು ಕೊಡುವುದು' ಎಂದು ಅಂಜುವ ವಿದ್ಯುತ್ ಚಿಕಿತ್ಸೆಯನ್ನು ಅರಿವಳಿಕೆಯೂ ಸ್ನಾಯು ಸಡಿಲಿಸುವ ಔಷಧವೂ ಇಲ್ಲದೆ ನಡೆಸಕೂಡದು. ರೋಗಿಯನ್ನು ಹಿಡಿದು ನಿರ್ಬಂಧಿಸುವುದಾದರೆ, ಒಡನೆಯೇ ಒದಗಬಹುದಾದ ಹಾನಿಯನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಿರಬೇಕು, ಮನೋವೈದ್ಯನ ಅನುಮತಿಯಿರಬೇಕು, ಕಾರಣ ಕಡತದಲ್ಲಿ ದಾಖಲಾಗಬೇಕು, ರೋಗಿಯು ನೇಮಿಸಿಕೊಂಡ ಪ್ರತಿನಿಧಿಗೆ 24 ಗಂಟೆಗಳೊಳಗೆ ಸುದ್ದಿ ಮುಟ್ಟಬೇಕು. ಶಿಕ್ಷೆಗಾಗಿಯಾಗಲಿ, ಸಿಬ್ಬಂದಿಯ ಕೊರತೆಯೆಂಬ ನೆಪದಿಂದಾಗಲಿ ಕಟ್ಟಿಹಾಕುವಂತಿಲ್ಲ. ಈ ಕಡೆಯ ಮಾತು ಕಾಯ್ದೆಯ ಹೃದಯವೆಂದೇ ನನ್ನ ಎಣಿಕೆ. ಏಕೆಂದರೆ ಕಟ್ಟುವ ಕೈಗಳು ಬಹುಶಃ ಕ್ರೂರವಾದವುಗಳಲ್ಲ, ದಣಿದವುಗಳು.

ಹಾಗಾದರೆ ಕಟ್ಟದೆ ಕಾಯುವ ಬಗೆ ಹೇಗೆ? ಲಂಡನ್ನಿನಲ್ಲಿ ಶುಶ್ರೂಷಾ ಪ್ರಾಧ್ಯಾಪಕರಾಗಿದ್ದ ಲೆನ್ ಬೋವರ್ಸ್ ಮತ್ತು ಅವರ ಸಂಗಡಿಗರು 'ಸೇಫ್‌ವಾರ್ಡ್ಸ್' ಎಂಬ ಹೆಸರಿನ ಪದ್ಧತಿಯೊಂದನ್ನು ರೂಪಿಸಿ, ಇಂಗ್ಲೆಂಡಿನ 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಪರೀಕ್ಷೆಗೆ ಒಡ್ಡಿದರು. ಅದರಲ್ಲಿ ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಮನೆಯವರು ಈ ವಾರ ಬರಲಾರರು, ರಜೆ ಮಂಜೂರಾಗಿಲ್ಲ ಎಂಬಂಥ ಕಹಿಸುದ್ದಿಯನ್ನು ಬಾಗಿಲಲ್ಲಿ ನಿಂತು ಹೇಳಿ ಹೋಗದೆ, ಮುಂಚಿತವಾಗಿ ಆಲೋಚಿಸಿ, ಬಳಿಯಲ್ಲಿ ಕುಳಿತು ತಿಳಿಸಬೇಕು. 'ಬೇಡ' ಎನ್ನಬೇಕಾದಾಗ ಮೃದುವಾಗಿ, ಕಾರಣಸಹಿತವಾಗಿ ಅನ್ನಬೇಕು. ವಾರ್ಡಿನಲ್ಲೊಂದು ಕೋಲಾಹಲ ನಡೆದರೆ ಅದನ್ನು ಕಂಡು ನಡುಗಿದ ಉಳಿದ ರೋಗಿಗಳನ್ನೂ ಮಾತನಾಡಿಸಿ ಸಮಾಧಾನಪಡಿಸಬೇಕು. ಗುಣಮುಖರಾಗಿ ಹೊರಡುವವರು ಹೊಸದಾಗಿ ಬರುವವರಿಗೆಂದು ಬರೆದಿಟ್ಟ ಧೈರ್ಯದ ಮಾತುಗಳನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಪದ್ಧತಿಯನ್ನು ಅನುಸರಿಸಿದ ವಾರ್ಡುಗಳಲ್ಲಿ ಜಗಳ, ಹಿಂಸೆ, ಆತ್ಮಹಾನಿಗಳು ಸುಮಾರು ಶೇಕಡಾ 15ರಷ್ಟು, ಬಲಪ್ರಯೋಗದ ಸಂದರ್ಭಗಳು ಸುಮಾರು ಶೇಕಡಾ 26ರಷ್ಟು ಇಳಿದವು. ಸೌಜನ್ಯವನ್ನು ನಾವು ಚಿಕಿತ್ಸೆಯ ಅಲಂಕಾರವೆಂದು ಬಗೆಯುತ್ತೇವೆ. ಅದು ಚಿಕಿತ್ಸೆಯ ಅಂಗವೇ ಆಗಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಭಾರತದ ಆಸ್ಪತ್ರೆಗಳಿಗೆ ತಮ್ಮದೇ ಆದ ಒಂದು ಸಂಪತ್ತುಂಟು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳಿಗೆ ಆವರಣದಲ್ಲಿಯೇ ಡೇರೆ ಹಾಕಿಸಿ, ಅವರನ್ನು ಶುಶ್ರೂಷೆಯಲ್ಲಿ ಪಾಲುಗಾರರನ್ನಾಗಿ ಮಾಡಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕುಟುಂಬದವರು ಜೊತೆಗೆ ತಂಗುವ ವಾರ್ಡುಗಳು ಬೆಳೆದುಬಂದವು. ಮಗನ ಮುಖದ ಛಾಯೆ ಬದಲಾದುದನ್ನು ತಾಯಿ ವೈದ್ಯನಿಗಿಂತ ಮೊದಲು ಅರಿಯುವಳೆಂಬುದು ನಿಜವೇ. ಆದರೆ ಹಗಲಿರುಳು ಎಚ್ಚರವಾಗಿರುವ ಹೊಣೆಯನ್ನೆಲ್ಲ ಆ ಬಳಲಿದ ತಾಯಿಯ ತಲೆಗೆ ಕಟ್ಟಿ ಆಸ್ಪತ್ರೆ ನಿಶ್ಚಿಂತವಾಗುವುದು ಅನ್ಯಾಯ. ಬಂಧುಗಳಿರುವುದು ನರ್ಸುಗಳ ಸಂಖ್ಯೆಯನ್ನು ಕಡಿಮೆ ಮಾಡಲು ಕಾರಣವಾಗಕೂಡದು.

ಔಷಧದ ವಿಷಯದಲ್ಲಿಯೂ ಇಂಥದೇ ಜಾಗರೂಕತೆ ಬೇಕು. ಲಿಥಿಯಂ ಅನೇಕರ ಬಾಳನ್ನು ನೇರ್ಪಡಿಸಿದ ಔಷಧ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಅತ್ಯಲ್ಪ. ವಾಂತಿಭೇದಿಯಿಂದ ಮೈಯ ನೀರು ಇಂಗಿದರೂ, ಕೆಲವು ನೋವಿನ ಮಾತ್ರೆಗಳನ್ನು ನುಂಗಿದರೂ ರಕ್ತದಲ್ಲಿ ಅದರ ಅಂಶ ಏರುತ್ತದೆ. ಆದ್ದರಿಂದ ಕಾಲಕಾಲಕ್ಕೆ ರಕ್ತಪರೀಕ್ಷೆ ಅನಿವಾರ್ಯ. ಮತ್ತೊಂದು ಪ್ರಮಾದ ಕಣ್ಣಿಗೆ ಬೀಳದಂಥದು: ಮನೋರೋಗಿ ಎದೆನೋವೆಂದಾಗ ಅದನ್ನೂ ಭ್ರಮೆಯೆಂದು ತಳ್ಳಿಹಾಕಿ, ನಿಜವಾದ ಹೃದ್ರೋಗವನ್ನು ಕಾಣದೆ ಹೋಗುವುದು.

ಇನ್ನು ಡಿಸ್ಚಾರ್ಜಾದ ಮೇಲಿನ ಕಾಲ. ಆಸ್ಪತ್ರೆಯಿಂದ ಹೊರಬಂದ ಮೊದಲ ಕೆಲವು ವಾರಗಳಲ್ಲಿಯೇ ಆತ್ಮಹತ್ಯೆಯ ಅಪಾಯ ಹೆಚ್ಚೆಂಬುದು ನಾನಾ ದೇಶಗಳ ಅಧ್ಯಯನಗಳಿಂದ ಸ್ಥಿರಪಟ್ಟಿದೆ. ಆಗ ರೋಗಿಯ ಮನೆಯ ಹತ್ತಿರವೇ ಔಷಧವೂ ಮಾತನಾಡಿಸುವವರೂ ದೊರೆಯಬೇಕು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಆರಂಭಿಸಿದ ಪ್ರಯೋಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಇದು ಸಾಧ್ಯವೆಂದು ತೋರಿಸಿತು. 1996ರಲ್ಲಿ ಮೊದಲಾದ ರಾಷ್ಟ್ರವ್ಯಾಪಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಆದುದರಿಂದ ನಿಮ್ಮವರೊಬ್ಬರು ಇಂಥ ವಾರ್ಡಿನಲ್ಲಿದ್ದರೆ ಸಂಕೋಚ ಬಿಟ್ಟು ಕೇಳಿರಿ: ಕಟ್ಟಿಹಾಕಿದ್ದುಂಟೇ, ಏಕೆ, ಎಷ್ಟು ಹೊತ್ತು, ಬರೆದಿಟ್ಟಿದ್ದೀರಾ? ಮನೆಗೆ ಕರೆದೊಯ್ಯುವ ಮುನ್ನ, ಮುಂದಿನ ಭೇಟಿ ಯಾವ ದಿನ, ನಡುರಾತ್ರಿಯಲ್ಲಿ ಸಂಕಟವಾದರೆ ಯಾರಿಗೆ ಹೇಳಬೇಕು ಎಂಬುದನ್ನು ಕಾಗದದ ಮೇಲೆ ಪಡೆದುಕೊಳ್ಳಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಎಂಬ ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.