ಕೋಳಿಮರಿಗಳ ಅಕಾಲಮರಣ ಮತ್ತು ಕಾರಣಾನ್ವೇಷಣೆ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯನ್ನು ಕುರಿತ ಒಂದು ವಿವೇಚನೆ

ಹಾವೇರಿ ಸೀಮೆಯ ಅನೇಕ ಊರುಗಳಲ್ಲಿ ಇಂದಿಗೂ ನಿಂತಿರುವ ವೀರಗಲ್ಲುಗಳು ತುರುಗಳಿಗಾಗಿ ಮಡಿದವರ ನೆನಪನ್ನು ಉಳಿಸಿಕೊಂಡು ಬಂದಿವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಮರಣಕ್ಕೂ ಸ್ಥಾನ ದೊರೆತಿದೆ. ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಗೋವೈದ್ಯವನ್ನು ಕನ್ನಡದಲ್ಲಿ ರಚಿಸಿದನು. ಅಭಿನವಚಂದ್ರನು ಕುದುರೆಗಳ ಚಿಕಿತ್ಸೆಯನ್ನು ಕುರಿತು ಬರೆದನು. ಆದರೆ ಬಡವರ ಹಿತ್ತಿಲಿನ ಕೋಳಿಗೆ ಶಿಲೆಯಲ್ಲಾಗಲಿ ಶಾಸ್ತ್ರದಲ್ಲಾಗಲಿ ಇಂಥ ಗೌರವ ಸಂದಂತೆ ತೋರುವುದಿಲ್ಲ. ಅದರ ಮರಿಗಳು ಸತ್ತಾಗ ಜನರು ಮಾರಿಯ ಕೋಪವೆಂದೋ ಕಣ್ಣುತಾಕಿತೆಂದೋ ಹವೆಯ ದೋಷವೆಂದೋ ಹೇಳಿ ಸುಮ್ಮನಾಗುತ್ತ ಬಂದಿದ್ದಾರೆ.

ಈ ನಷ್ಟವು ಅಲ್ಪವಾದುದಲ್ಲ. ಹಳ್ಳಿಯ ಮನೆಗಳಲ್ಲಿ ಹೊಲದ ಫಸಲು ಬಹುಮಟ್ಟಿಗೆ ಗಂಡಸರ ಲೆಕ್ಕಕ್ಕೆ ಸೇರುತ್ತದೆ. ಕೋಳಿ ಮತ್ತು ಮೊಟ್ಟೆಗಳ ಹಣವು ಸಾಮಾನ್ಯವಾಗಿ ಹೆಂಗಸರ ಕೈಯಲ್ಲಿ ಉಳಿಯುತ್ತದೆ. ಮಕ್ಕಳ ಪುಸ್ತಕ, ಔಷಧ, ಸಂತೆಯ ಚಿಲ್ಲರೆ ಖರ್ಚು ಮೊದಲಾದವು ಅದರಿಂದಲೇ ಸಾಗುತ್ತವೆ. ಹ್ಯಾಟೆಯೊಂದು ಇಪ್ಪತ್ತೊಂದು ದಿನ ಕಾವು ಕೂತು ಹತ್ತು ಮರಿಗಳನ್ನು ಹೊರತಂದಾಗ, ಅವುಗಳಲ್ಲಿ ಎರಡೇ ಉಳಿದರೆ ಆ ಮನೆಯೊಡತಿಯ ಒಂದು ಋತುವಿನ ಸಂಪಾದನೆಯೇ ಹೋದಂತೆ. ಆದಕಾರಣ ‘ಕಾರಣವಿಲ್ಲದ ಸಾವು’ ಎಂದು ನಾವು ಕರೆಯುವುದು ಬಹುಪಾಲು ‘ಕಾರಣವನ್ನು ವಿಚಾರಿಸದ ಸಾವು’ ಎಂಬುದನ್ನು, ಆ ವಿಚಾರಣೆಗೆ ಬೇಕಾದ ಮೊದಲ ಸಾಧನವು ತಿಥಿವಾರಗಳ ದಾಖಲೆಯೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

1. ರೋಗಗಳಿಗೆ ಹೆಸರು ಬಂದ ಬಗೆ

ಇಂದು ಪಶುವೈದ್ಯರು ಸುಲಭವಾಗಿ ಹೆಸರಿಸುವ ರೋಗಗಳೆಲ್ಲ ಒಂದು ಕಾಲಕ್ಕೆ ಅಜ್ಞಾತ ಮರಣಗಳೇ ಆಗಿದ್ದವು. ಎಳೆಯ ಮರಿಗಳನ್ನು ಬಿಳಿ ಭೇದಿಯಿಂದ ಕೊಲ್ಲುತ್ತಿದ್ದ ವ್ಯಾಧಿಗೆ ಒಂದು ಸೂಕ್ಷ್ಮಾಣುವೇ ಕಾರಣವೆಂದು ಅಮೆರಿಕದ ಲಿಯೋ ರೆಟ್‌ಗರ್ 1900ರ ಸುಮಾರಿಗೆ ತೋರಿಸಿದನು. ಅದು ತಾಯಿಕೋಳಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರುತ್ತದೆಂಬುದು ಅನಂತರ ಸ್ಪಷ್ಟವಾಯಿತು. ಹೊರನೋಟಕ್ಕೆ ಆರೋಗ್ಯವಾಗಿರುವ ತಾಯಿಯೇ ರೋಗವನ್ನು ದಾಟಿಸಬಲ್ಲಳೆಂಬ ಈ ಸಂಗತಿಯು, ಮರಿಗಳ ಸಾವಿಗೆ ಮರಿಗಳನ್ನಷ್ಟೇ ನೋಡಿದರೆ ಸಾಲದೆಂಬ ಪಾಠವನ್ನು ಕಲಿಸಿತು.

ನಮ್ಮಲ್ಲಿ ಕೊಕ್ಕರೆ ರೋಗವೆಂದು ಕರೆಯಲ್ಪಡುವ ವ್ಯಾಧಿಯು 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿಯೂ ಕಾಣಿಸಿಕೊಂಡಿತು. ಭಾರತದಲ್ಲಿ ಅದು ಕುಮಾವೂಂ ಬೆಟ್ಟಗಳ ರಾಣಿಖೇತದಿಂದ 1928ರಲ್ಲಿ ವರದಿಯಾಗಿ ಆ ಊರಿನ ಹೆಸರನ್ನೇ ಪಡೆಯಿತು. ಅದಕ್ಕೆ ಈ ದೇಶದಲ್ಲಿ ಬಹುಕಾಲ ಬಳಕೆಯಲ್ಲಿರುವ ಆರ್‌.ಟು.ಬಿ. ಲಸಿಕೆಯು 1940ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಶೋಧನ ಸಂಸ್ಥೆಯಲ್ಲಿ ರೂಪುಗೊಂಡಿತು. ಅಮೆರಿಕದ ಡೆಲವೇರ್ ಪ್ರಾಂತದ ಗುಂಬೊರೊ ಎಂಬ ಊರಿನ ಹೆಸರು 1962ರಲ್ಲಿ ವರ್ಣಿತವಾದ ಮತ್ತೊಂದು ರೋಗಕ್ಕೆ ಅಂಟಿಕೊಂಡಿತು. ಹೀಗೆ ಊರಿನ ಹೆಸರಿನಿಂದ ಕರೆದುದೇ, ಆ ಕಾಲಕ್ಕೆ ಆ ರೋಗದ ವಿಷಯವಾಗಿ ಅದು ಕಂಡ ಸ್ಥಳಕ್ಕಿಂತ ಹೆಚ್ಚೇನೂ ತಿಳಿದಿರಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

2. ವಯಸ್ಸೆಂಬ ಸಾಕ್ಷ್ಯ

ಇತಿಹಾಸಕಾರನು ಶಾಸನದ ಅರ್ಥವನ್ನು ಚರ್ಚಿಸುವ ಮೊದಲು ಅದರ ಕಾಲವನ್ನು ಗೊತ್ತುಪಡಿಸುತ್ತಾನೆ. ಸತ್ತ ಮರಿಯ ವಿಷಯದಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ಅದರ ವಯಸ್ಸೆಷ್ಟು ಎಂಬುದೇ.

ಮೊಟ್ಟೆಯಿಂದ ಹೊರಬಂದ ಮರಿಗೆ ಹೊಟ್ಟೆಯೊಳಗೆ ಉಳಿದ ಭಂಡಾರವು ಎರಡು ಮೂರು ದಿನಗಳ ಆಹಾರವಾಗುತ್ತದೆ. ಈ ಮೊದಲ ದಿನಗಳಲ್ಲಿ ಸಾಯುವ ಮರಿಗಳು ಹೆಚ್ಚಾಗಿ ಚಳಿಯಿಂದಲೋ, ನೀರಿಲ್ಲದೆಯೋ, ಕೊಳಕು ಗೂಡಿನಲ್ಲಿ ಹೊಕ್ಕುಳಿಗೆ ತಗಲಿದ ಸೋಂಕಿನಿಂದಲೋ ಸಾಯುತ್ತವೆ. ತಾಯಿಯಿಲ್ಲದೆ ದೀಪದ ಕಾವಿನಲ್ಲಿ ಬೆಳೆಸುವ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಂಟಿಗ್ರೇಡಿನ ಶಾಖವಿರಬೇಕು. ಅನಂತರ ವಾರಕ್ಕೆ ಮೂರು ಡಿಗ್ರಿಯಂತೆ ತಗ್ಗಿಸುತ್ತ ಬರಬಹುದು. ಉಷ್ಣಮಾಪಕವಿಲ್ಲದವರಿಗೆ ಮರಿಗಳೇ ಮಾಪಕಗಳು. ಅವು ದೀಪದಡಿ ಒಂದರಮೇಲೊಂದು ಮುತ್ತಿಕೊಂಡರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ, ಎಲ್ಲೆಡೆ ಹರಡಿಕೊಂಡು ಮೇಯುತ್ತಿದ್ದರೆ ಶಾಖವು ಹದವಾಗಿದೆಯೆಂದು ತಿಳಿಯಬೇಕು.

ಎರಡು ಮೂರು ವಾರಗಳೊಳಗೆ ಮರಿಗಳು ಮುದುಡಿ ನಿಂತು, ಹಿಂಭಾಗಕ್ಕೆ ಬಿಳಿಯ ಹಿಕ್ಕೆ ಅಂಟಿಕೊಂಡು ಸತ್ತರೆ ಮೇಲೆ ಹೇಳಿದ ಬಿಳಿ ಭೇದಿಯನ್ನು ಶಂಕಿಸಬೇಕು. ಆಗ ಮೊಟ್ಟೆಗಳು ಎಲ್ಲಿಂದ ಬಂದವೆಂಬುದು ಮುಖ್ಯವಾಗುತ್ತದೆ. ಸದ್ದಿಲ್ಲದೆ ಬಾಯಿ ತೆರೆದು ಉಸಿರಿಗಾಗಿ ಚಡಪಡಿಸುವ ಎಳೆಮರಿಗಳಿದ್ದಲ್ಲಿ, ಹಾಸಿದ ಹೊಟ್ಟು ಅಥವಾ ಹುಲ್ಲು ಬೂಷ್ಟು ಹಿಡಿದಿದೆಯೇ ಎಂದು ನೋಡಬೇಕು. ಆ ಬೂಷ್ಟೇ ಪುಪ್ಪುಸಗಳನ್ನು ಹೊಕ್ಕು ಕೊಲ್ಲುತ್ತದೆ.

ಮೂರರಿಂದ ಆರು ವಾರಗಳ ನಡುವೆ ಎರಡು ರೋಗಗಳು ಪ್ರಧಾನವಾದವು. ಮೊದಲನೆಯದು ರಕ್ತಭೇದಿ. ಕರುಳಿನ ಈ ಪರೋಪಜೀವಿಯ ಬೀಜಗಳು ಹಿಕ್ಕೆಯಲ್ಲಿ ಹೊರಬಿದ್ದು, ತೇವ ಮತ್ತು ಬಿಸುಪುಗಳಲ್ಲಿ ಒಂದೆರಡು ದಿನಗಳೊಳಗೆ ಸೋಂಕು ತಗಲಿಸುವ ಶಕ್ತಿಯನ್ನು ಪಡೆಯುತ್ತವೆ. ಸಾಮಾನ್ಯ ಕ್ರಿಮಿನಾಶಕಗಳಿಗೆ ಅವು ಸುಲಭವಾಗಿ ಜಗ್ಗುವುದಿಲ್ಲ. ನೆಲವನ್ನು ಒಣಗಿಸುವುದೇ ಅವುಗಳಿಗೆ ವಿರೋಧಿ. ಮಳೆಗಾಲದಲ್ಲಿ ನೀರಿನ ತಟ್ಟೆಯ ಸುತ್ತಲಿನ ಕೆಸರನ್ನು ತೆಗೆಯುವುದು ಔಷಧದಷ್ಟೇ ಪ್ರಯೋಜನಕಾರಿ. ಎರಡನೆಯದು ಗುಂಬೊರೊ. ಅದು ಹಠಾತ್ತನೆ ಬಂದು, ಸಾವುಗಳು ಮೂರು ನಾಲ್ಕು ದಿನ ಏರಿ, ವಾರದೊಳಗೆ ಇಳಿಯುತ್ತವೆ. ಬದುಕಿದ ಮರಿಗಳ ರೋಗನಿರೋಧಕ ಶಕ್ತಿಯೂ ಕುಂದುತ್ತದೆ. ವಯಸ್ಸಿನ ಭೇದವಿಲ್ಲದೆ ದೊಡ್ಡ ಕೋಳಿಗಳೂ ಮರಿಗಳೂ ಕೂಡಿ ಹಸಿರು ಹಿಕ್ಕೆ ಹಾಕುತ್ತ, ಕತ್ತು ತಿರುಚಿಕೊಂಡು, ಕಾಲುಬಿದ್ದು ಸಾಯುತ್ತಿದ್ದರೆ ಕೊಕ್ಕರೆ ರೋಗವನ್ನು ಮೊದಲು ಶಂಕಿಸುವುದು ಯುಕ್ತ.

ಮರಿಗಳು ಸಾಯದೆ ಕೇವಲ ಕಾಣೆಯಾಗುತ್ತಿದ್ದರೆ ಅದು ರೋಗವಲ್ಲ; ಹದ್ದು, ಮುಂಗುಸಿ ಅಥವಾ ಬೆಕ್ಕಿನ ಕೆಲಸ. ಸತ್ತವನ್ನೂ ಕಾಣೆಯಾದವನ್ನೂ ಒಂದೇ ಲೆಕ್ಕದಲ್ಲಿ ಸೇರಿಸುವುದರಿಂದ ವಿಚಾರವು ದಾರಿತಪ್ಪುತ್ತದೆ.

3. ಗೋವಿನಜೋಳ ಮತ್ತು ಬೂಷ್ಟು

ವಯಸ್ಸಿನ ಕ್ರಮಕ್ಕೆ ಒಳಪಡದ ಒಂದು ಕಾರಣವು ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಟರ್ಕಿಕೋಳಿಯ ಮರಿಗಳು ಕಾರಣ ತಿಳಿಯದೆ ಸತ್ತವು. ರೋಗಕ್ಕೆ ಹೆಸರಿಡಲಾರದೆ ಅದನ್ನು ‘ಎಕ್ಸ್’ ಎಂದು ಕರೆದರು. ಸೋಂಕನ್ನು ಹುಡುಕಿದವರಿಗೆ ಸೋಂಕು ದೊರೆಯಲಿಲ್ಲ. ಸತ್ತ ಮರಿಗಳು ತಿಂದ ಆಹಾರವನ್ನು ಪತ್ತೆಹಚ್ಚಿದಾಗ, ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷವೇ ಕಾರಣವೆಂದು ತಿಳಿಯಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಮನುಷ್ಯರು ಮೃತರಾದರು. ಮರಿಗಳನ್ನು ಕೊಂದ ವಿಷವು ಮನುಷ್ಯನನ್ನೂ ಬಿಡಲಿಲ್ಲ.

ಮೆಕ್ಕೆಜೋಳವನ್ನು ಗೋವಿನಜೋಳವೆಂದು ಕರೆಯುವ ಹಾವೇರಿ ಜಿಲ್ಲೆಯು ಆ ಬೆಳೆಗೆ ಹೆಸರಾದುದು; ಕೋಳಿಯ ಮೇವಿನ ಮುಖ್ಯ ಧಾನ್ಯವೂ ಅದೇ. ಮುಂಗಾರಿನ ಬೆಳೆಯು ಕೊಯ್ಲಿಗೆ ಬರುವ ವೇಳೆಗೆ ಮಳೆ ಬಿದ್ದರೆ ರಾಶಿಯು ಕಣದಲ್ಲಿಯೂ ರಸ್ತೆಯ ಬದಿಯಲ್ಲಿಯೂ ನೆನೆಯುತ್ತದೆ. ಒಳ್ಳೆಯ ಕಾಳು ರಾಣೆಬೆನ್ನೂರಿನ ಪೇಟೆಗೆ ಹೋದಮೇಲೆ, ಮಾರಲಾಗದ ಕಪ್ಪುಗಟ್ಟಿದ ಕಾಳು ಕೋಳಿಯ ಪಾಲಿಗೆ ಉಳಿಯುವುದು ಸಹಜ. ಇಂಥ ಮೇವನ್ನು ತಿಂದ ಮರಿಗಳು ಒಂದೇ ದಿನದಲ್ಲಿ ಸಾಯದಿರಬಹುದು. ಅವು ಬೆಳೆಯುವುದಿಲ್ಲ, ಯಕೃತ್ತು ಕೆಡುತ್ತದೆ, ಹಾಕಿಸಿದ ಲಸಿಕೆಯೂ ಫಲಿಸದೆ ಹೋಗಬಹುದು. ಮನೆಯವರು ಲಸಿಕೆಯನ್ನು ದೂಷಿಸುತ್ತಾರೆ; ದೋಷವು ಚೀಲದಲ್ಲಿರುತ್ತದೆ.

ಇದನ್ನು ಬ್ಯಾಡಗಿಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮೆಣಸಿನಕಾಯಿಯಲ್ಲಿ ತೇವ ಉಳಿದರೆ ಬಣ್ಣವೂ ಬೆಲೆಯೂ ಕೆಡುವುದೆಂಬುದು ಅಲ್ಲಿನ ಪೇಟೆಗೆ ಬಂದವರಿಗೆಲ್ಲ ಗೊತ್ತಿದೆ. ಬೆಲೆಗಾಗಿ ಕಾಯಿಗೆ ತೋರುವ ಎಚ್ಚರವನ್ನೇ ಕೋಳಿಯ ಕಾಳಿಗೂ ತೋರಬೇಕು. ತೇವವು ಶೇಕಡಾ 12–13ಕ್ಕೆ ಇಳಿಯುವವರೆಗೆ ಒಣಗಿಸಿ, ನೆಲಕ್ಕೂ ಗೋಡೆಗೂ ತಾಗದಂತೆ ಇಡಬೇಕು. ಬೂಷ್ಟನ್ನು ಕೊಡವಿದರೆ ವಿಷವು ಹೋಗುವುದಿಲ್ಲ. ಕುದಿಸಿದರೂ ಅದು ನಾಶವಾಗುವುದಿಲ್ಲ.

4. ಲಸಿಕೆಯ ಕಾಲ

ಕೊಕ್ಕರೆ ರೋಗಕ್ಕೆ ಔಷಧವಿಲ್ಲ; ಲಸಿಕೆಯುಂಟು. ಎಫ್ ಅಥವಾ ಲಾಸೋಟ ಎಂಬ ಸೌಮ್ಯ ಲಸಿಕೆಯನ್ನು ಮರಿಯ ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿಗೆ ಹನಿಯಾಗಿ ಹಾಕುತ್ತಾರೆ. ಪ್ರಬಲವಾದ ಆರ್‌.ಟು.ಬಿ.ಯನ್ನು ಎಂಟು ವಾರಗಳ ಸುಮಾರಿಗೆ ಚುಚ್ಚುತ್ತಾರೆ. ಎಳೆಮರಿಗೆ ಅದನ್ನು ಕೊಟ್ಟರೆ ಲಸಿಕೆಯೇ ಅಪಾಯಕಾರಿಯಾದೀತು. ಲಸಿಕೆಯ ಸೀಸೆಯು ನೂರು ಅಥವಾ ಅದಕ್ಕೂ ಹೆಚ್ಚು ಮರಿಗಳಿಗೆ ಆಗುವಷ್ಟಿರುತ್ತದೆ, ತಂಪಿನಲ್ಲಿಯೇ ಇರಬೇಕು, ಕರಗಿಸಿದ ಮೇಲೆ ಕೆಲವೇ ಗಂಟೆಗಳೊಳಗೆ ಮುಗಿಯಬೇಕು. ಹತ್ತು ಮರಿಗಳ ಮನೆಯೊಡತಿಗೆ ಇದು ಒಬ್ಬಳಿಂದ ಆಗುವ ಕಾರ್ಯವಲ್ಲ. ಓಣಿಯವರೆಲ್ಲ ಒಂದು ದಿನವನ್ನು ಗೊತ್ತುಮಾಡಿ, ಪಶುವೈದ್ಯ ಆಸ್ಪತ್ರೆಯವರನ್ನು ಕರೆಸಿಕೊಳ್ಳುವುದೇ ಸಾಧ್ಯವಾದ ಮಾರ್ಗ.

5. ದಾಖಲೆಯ ಅಗತ್ಯ

ಆದುದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಐದು ಸಂಗತಿಗಳನ್ನು ಬರೆದಿಡುವಂತೆ ನಾವು ಸೂಚಿಸುತ್ತೇವೆ: ಮರಿಗಳು ಒಡೆದು ಬಂದ ದಿನ, ಮೊಟ್ಟೆಗಳು ಬಂದ ಸ್ಥಳ, ದಿನದಿನಕ್ಕೆ ಸತ್ತವುಗಳ ಸಂಖ್ಯೆ, ಕಂಡ ಲಕ್ಷಣ, ಮೇವು ಬದಲಾದ ದಿನ. ಮರಿ ಸತ್ತೊಡನೆ ಅದನ್ನು ತಿಪ್ಪೆಗೋ ಹಳ್ಳಕ್ಕೋ ಎಸೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೆಪ್ಪುಗಟ್ಟಿಸದೆ ಮಂಜುಗಡ್ಡೆಯ ತಂಪಿನಲ್ಲಿ ಆ ದಿನವೇ ತಾಲೂಕಿನ ಪಶುವೈದ್ಯ ಆಸ್ಪತ್ರೆಗೆ ಒಯ್ಯಬೇಕು. ರೋಗದಲ್ಲಿರುವ ಜೀವಂತ ಮರಿಯೊಂದನ್ನು ತೋರಿಸಿದರೆ ಇನ್ನೂ ಒಳಿತು. ಉಳಿದವನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ರೋಗವನ್ನು ಗುರುತಿಸುವ ಮೊದಲೇ ಅಂಗಡಿಯಿಂದ ತಂದ ಔಷಧವನ್ನು ನೀರಿಗೆ ಬೆರೆಸುವುದರಿಂದ ಹಣವೂ ಹೋಗುತ್ತದೆ, ಸಾಕ್ಷ್ಯವೂ ಕೆಡುತ್ತದೆ.

ಅನೇಕ ಕೋಳಿಗಳು ಒಮ್ಮೆಲೇ ಸತ್ತರೆ ಮಾತ್ರ ಬರಿಗೈಯಿಂದ ಮುಟ್ಟದೆ, ಎಲ್ಲಿಯೂ ಒಯ್ಯದೆ, ವೈದ್ಯರಿಗೆ ತಿಳಿಸಬೇಕು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿಯೂ 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿಯೂ ಕೋಳಿಜ್ವರವು ಕಾಣಿಸಿಕೊಂಡುದನ್ನು ಮರೆಯಲಾಗದು.

ಹಳ್ಳಿಗಳಿಂದ ಬರುವ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಕಾಲಾನುಕ್ರಮಣಿಕೆಯನ್ನು ರಾಜವಂಶಗಳ ಪಾಠದಲ್ಲಿ ಕಲಿಯುತ್ತಾರೆ. ಅದೇ ಕ್ರಮವನ್ನು ರಜೆಯಲ್ಲಿ ಮನೆಯ ಕೋಳಿಬುಟ್ಟಿಯ ಬಳಿ ಪ್ರಯೋಗಿಸಿ, ತಾಯಂದಿರು ಹೇಳಿದ ದಿನಾಂಕಗಳನ್ನು ಬರೆದುಕೊಟ್ಟರೆ, ಆ ಒಂದು ಹಾಳೆಯು ಪಶುವೈದ್ಯರ ಅರ್ಧ ಕೆಲಸವನ್ನು ಹಗುರಗೊಳಿಸುತ್ತದೆ. ಮುಂದಿನ ಸಲ ಒಡೆಯುವ ಹತ್ತು ಮರಿಗಳಲ್ಲಿ ಎರಡಕ್ಕೆ ಬದಲಾಗಿ ಏಳೆಂಟು ಉಳಿಯುವುದು ಇಂಥ ಸಣ್ಣ ದಾಖಲೆಯಿಂದ ಸಾಧ್ಯವಾಗಬಹುದು.